ಶುರು ಮಾಡಿ ನಿಲ್ಲಿಸದೆ ಹೋದದ್ದು

ನನ್ನ ಗಂಡನ ಅಂತ್ಯಸಂಸ್ಕಾರಕ್ಕೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಮನೆಯಲ್ಲಿ ವಿಶೇಷ ಕೆಲಸವೇನೂ ಇರಲಿಲ್ಲ. ಬಾಡಿಗೆಗೆ ತಂದ ಕುರ್ಚಿಗಳು ಹೋಗಿದ್ದವು. ಪಕ್ಕದ ಮನೆಯವರ ಪಾತ್ರೆಗಳು ಹೋಗಿದ್ದವು. ಉಳಿದವರು ಮೂವರು: ನಾನು, ಅತ್ತೆ, ನನ್ನ ಗಂಡನ ಅಣ್ಣ. ಭಾವ ಎರಡು ವಾರ ರಜೆ ಹಾಕಿ ಉಳಿದಿದ್ದರು. ಯಾಕೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಮನೆಗೊಂದು ಗಂಡು ದಿಕ್ಕು ಬೇಡವೇ ಎನ್ನುತ್ತಿದ್ದರು. ಆ ದಿಕ್ಕು ಆಗ ಬಚ್ಚಲಲ್ಲಿ ಸ್ನಾನ ಮಾಡುತ್ತಿತ್ತು.

ಹಾಲನ್ನು ಒಲೆಯ ಮೇಲಿಟ್ಟು ಪೇಪರ್ ಹಿಡಿದುಕೊಂಡೆ. ಏಳೂವರೆಗೆ ಫೋನ್ ಸದ್ದು ಮಾಡಿತು.

"ಕೆಲಸ ಶುರುವಾಗಿದೆ. ಹಾಲು ನೋಡು."

"ಬಂತು" ಎಂದು ಬಚ್ಚಲ ಬಾಗಿಲಿಗೆ ಕೂಗಿದೆ.

"ಏನು ಬಂತು?" ಎಂದರು ಒಳಗಿನಿಂದ ಭಾವ.

ಹಾಲು ಉಕ್ಕಿತು.

ಇದನ್ನು ಸ್ವಲ್ಪ ವಿವರಿಸಬೇಕು. ನನ್ನ ಗಂಡ ಊರಿನ ಗ್ರಂಥಾಲಯದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ಅಲ್ಲಿ ಮೂಲೆಕೋಣೆಯ ಮೆಷೀನಿನಲ್ಲಿ ಜಾವಾದ ಒಂದು ವೆಬ್ ಸರ್ವರ್ ಓಡುತ್ತದೆ. ಯಾವ ಪುಸ್ತಕ ಒಳಗಿದೆ, ಯಾವುದು ಹೊರಗಿದೆ ಎಂದು ಕೇಳಿದವರಿಗೆ ಅದು ಪುಟ ತೆರೆದು ತೋರಿಸುತ್ತದೆ. ಅದರ ಬೆನ್ನ ಹಿಂದೆ, ಯಾರ ಕಣ್ಣಿಗೂ ಬೀಳದೆ ನಡೆಯುವ ಇನ್ನೊಂದು ಕೆಲಸವನ್ನು ಅವನು ಸೇರಿಸಿದ್ದ. ಸರ್ವರ್ ಶುರುವಾದ ಕೂಡಲೇ ಅದೂ ಶುರುವಾಗುತ್ತದೆ. ಪುಸ್ತಕ ಹಿಂತಿರುಗಿಸಲು ತಡ ಮಾಡಿದವರಿಗೆಲ್ಲ ಒಂದೊಂದು ಸಂದೇಶ ಕಳಿಸುತ್ತದೆ. ಆಮೇಲೆ ಇಪ್ಪತ್ನಾಲ್ಕು ಗಂಟೆಗೊಮ್ಮೆ ಅದನ್ನೇ ಮಾಡುತ್ತದೆ. ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಬೇಗ ಹೋಗಿ ಏಳೂವರೆಗೆ ಅವನು ಶುರು ಮಾಡಿದ್ದರಿಂದ ಅದು ದಿನವೂ ಏಳೂವರೆಗೇ ಏಳುತ್ತಿತ್ತು.

ಕೆಲಸ ನಡೆದಿದೆ ಎಂದು ತಿಳಿಯಲು ಯಾವುದಾದರೂ ಒಂದು ನಂಬರಿಗೆ ಸುಳಿವು ಬರಬೇಕಲ್ಲ. ಅವನಿಗೆ ತನ್ನ ನಂಬರ್ ನೆನಪಿರಲಿಲ್ಲವಂತೆ, ನನ್ನದು ಇತ್ತಂತೆ. ಆ ಹೊತ್ತಿಗೆ ನಾನು ಪೇಪರಿನಲ್ಲಿ ಮುಳುಗಿ ಹಾಲು ಉಕ್ಕಿಸುತ್ತೇನೆ ಎಂಬುದೂ ನೆನಪಿತ್ತು. ಎಂಟು ತಿಂಗಳು, ಅವನು ಬಚ್ಚಲಿನಿಂದ "ಬಂತಾ?" ಎನ್ನುವುದು, ನಾನು "ಬಂತು" ಎನ್ನುವುದು. ನಮ್ಮ ದಾಂಪತ್ಯದಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು ಇದೇ ಇರಬೇಕು.

ಭಾವ ತಲೆ ಒರೆಸಿಕೊಳ್ಳುತ್ತ ಬಂದು ಫೋನ್ ನೋಡಿದರು. ಅತ್ತೆಗೆ ಕನ್ನಡಕ ಸಿಗಲಿಲ್ಲ, ಓದಿಸಿಕೊಂಡು ಕೇಳಿದರು.

"ಹೋದ ಕಡೇನೂ ಕೆಲಸಾನೇನಾ ಅವನಿಗೆ?" ಎಂದರು ಅತ್ತೆ.

"ಅಮ್ಮಾ, ಇದು ಮೆಷೀನ್ ಕಳಿಸೋದು. ಅವನಲ್ಲ."

"ಮೆಷೀನಿಗೆ ನಮ್ಮನೆ ಹಾಲಿನ ಯೋಚನೆ ಯಾಕೋ?"

ಉತ್ತರ ಸಿಗದಾಗ ಭಾವ ಜವಾಬ್ದಾರಿ ಹೊರುತ್ತಾರೆ. "ನೋಡಮ್ಮ" ಎಂದರು ನನ್ನತ್ತ ತಿರುಗಿ, "ದಿನಾ ಬೆಳಿಗ್ಗೆ ಎದ್ದು ನೀನು ಇದನ್ನ ನೋಡಬಾರದು. ಇವತ್ತೇ ನಿಲ್ಲಿಸಿಬರ್ತೀನಿ."

"ಬೇಡ ಭಾವ" ಎಂದೆ.

"ನಿನಗೆ ಸಂಕೋಚ. ನನಗೆ ಅರ್ಥ ಆಗುತ್ತೆ."

ಭಾವ ನೀರು ಸರಬರಾಜು ಕಚೇರಿಯಲ್ಲಿ ವಾಲ್ವ್ ಮೇಸ್ತ್ರಿ. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಅವರು ಕಂಡುಕೊಂಡ ಸತ್ಯ ಒಂದೇ: ಜಗತ್ತಿನಲ್ಲಿ ಹರಿಯುವುದಕ್ಕೆಲ್ಲ ಒಂದು ವಾಲ್ವ್ ಇರುತ್ತದೆ, ಅದನ್ನು ತಿರುಗಿಸಿದರೆ ನಿಲ್ಲುತ್ತದೆ. ತಮ್ಮನ ಕಾಯಿಲೆಯಲ್ಲಿ ಮಾತ್ರ ಇದು ಸರಿಹೋಗಿರಲಿಲ್ಲ. ಅದಕ್ಕೇ ಇರಬೇಕು, ಶರ್ಟಿನ ಗುಂಡಿ ಹಾಕಿಕೊಳ್ಳುತ್ತಲೇ ಮೆಟ್ಟಿಲಿಳಿದರು.

ಹನ್ನೊಂದೂ ಹತ್ತಕ್ಕೆ ಅವರ ಫೋನ್ ಬಂತು.

"ಮುಗೀತು. ಸ್ಟಾಪ್ ಅಂತ ಒಂದು ಬಟನ್ ಇತ್ತು, ಒತ್ತಿದೆ. ಗ್ರಂಥಾಲಯದ ಪುಟ ಮಾಯ ಆಯ್ತು ಅಂತ ಲೈಬ್ರರಿ ಮೇಡಂ ಕೂಗಾಡಿದ್ರು. ಪಕ್ಕದಲ್ಲೇ ಸ್ಟಾರ್ಟ್ ಅಂತ ಇತ್ತು, ಅದನ್ನೂ ಒತ್ತಿದೆ. ಪುಟ ಬಂತು. ಒಳಗಿನ ಕಸ ಎಲ್ಲಾ ತೊಳೆದು ಹೋಗಿರುತ್ತೆ ಈಗ. ಇನ್ನು ನಿನಗೆ ಯಾವ ಸಂದೇಶಾನೂ..."

ಕಿವಿಗೆ ಒತ್ತಿಕೊಂಡ ಫೋನ್ ಕಿವಿಯಲ್ಲೇ ನಡುಗಿತು. ಕೆಲಸ ಶುರುವಾಗಿದೆ. ಹಾಲು ನೋಡು.

"ಏನಾಯ್ತು?" ಎಂದರು ಭಾವ.

"ಏನಿಲ್ಲ. ಹಾಲಿಡಬೇಕು" ಎಂದು ಫೋನ್ ಇಟ್ಟೆ. ಒಲೆ ಹಚ್ಚಿ ಹಾಲಿಟ್ಟೆ. ಉಕ್ಕುವ ಮೊದಲೇ ಇಳಿಸಿದೆ. ಹಾಗೆ ಇಳಿಸಿದ್ದು ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲು.

ಮರುದಿನ ಏಳೂವರೆಗೂ ಬಂತು, ಹನ್ನೊಂದೂ ಹತ್ತಕ್ಕೂ ಬಂತು. ಭಾವ ಕೇಳಿದರು, ನಾನು ಸುಳ್ಳು ಹೇಳಲಿಲ್ಲ.

"ಎರಡು?" ಎಂದರು. "ಒಳಗೆ ಒತ್ತಡ ಜಾಸ್ತಿ ಇದೆ. ಒಂದು ಸಲ ತಿರುಗಿಸಿದ್ರೆ ಸಾಲದು."

"ಮೆಷೀನನ್ನೇ ಆಫ್ ಮಾಡಿದರೆ ಏನಾಗುತ್ತೆ ಭಾವ?"

"ಎಲ್ಲಾ ಹೋಗುತ್ತೆ. ಏಳೂವರೇದೂ ಹೋಗುತ್ತೆ. ಆದರೆ ಅದರ ಮೇಲೆ ಅವನೇ ಚೀಟಿ ಅಂಟಿಸಿದಾನೆ, ಆರಿಸಬೇಡಿ ಅಂತ. ಮೇಡಂ ಮುಟ್ಟೋಕೆ ಬಿಡಲ್ಲ."

"ಹಾಗಾದರೆ ಮುಟ್ಟಬೇಡಿ" ಎಂದೆ. ನನ್ನ ದನಿಯಲ್ಲಿದ್ದ ಸಮಾಧಾನವನ್ನು ಅವರು ಗಮನಿಸಲಿಲ್ಲ. ಅತ್ತೆ ಗಮನಿಸಿದರು.

ಆ ವಾರ ಭಾವ ಪ್ರತಿದಿನ ಹೋದರು. ಪ್ರತಿದಿನ ಸ್ಟಾಪ್ ಒತ್ತಿದರು, ಮೇಡಂ ಕೂಗಿದರು, ಸ್ಟಾರ್ಟ್ ಒತ್ತಿದರು. ಸ್ಟಾಪ್ ಒತ್ತಿದರೆ ನಿಲ್ಲುತ್ತಿದ್ದುದು ಜನರಿಗೆ ಕಾಣುವ ಪುಟ ಮಾತ್ರ; ಬೆನ್ನ ಹಿಂದಿನ ಕೆಲಸ ತನ್ನ ಪಾಡಿಗೆ ತಾನಿರುತ್ತಿತ್ತು. ಸ್ಟಾರ್ಟ್ ಒತ್ತಿದರೆ ಹೊಸದೊಂದು ಹುಟ್ಟಿ ಹಳೆಯದರ ಜೊತೆ ಸೇರುತ್ತಿತ್ತು. ಶನಿವಾರದ ಹೊತ್ತಿಗೆ ನನಗೆ ದಿನಕ್ಕೆ ಆರು: ಏಳೂವರೆ, ಹನ್ನೊಂದೂ ಹತ್ತು, ಹನ್ನೆರಡೂ ನಲವತ್ತು, ಮೂರೂ ಕಾಲು, ನಾಲ್ಕೂ ಇಪ್ಪತ್ತು, ಐದೂ ಐದು.

ಆರು ಸಲವೂ ನಾನು ಹಾಲಿಟ್ಟೆ.

ಮನೆಯಲ್ಲಿ ಹಾಲಿನ ಪ್ರಳಯವಾಯಿತು. ಅತ್ತೆ ಎರಡು ಲೋಟ ಕುಡಿದು ಕೈ ಮುಗಿದರು. ಹಾಲಿನವನು "ಮನೆಗೆ ಮಗು ಬಂತಾ?" ಎಂದು ಕೇಳಿ, ಅತ್ತೆಯ ಮುಖ ನೋಡಿ, ಸೈಕಲ್ ಹತ್ತಿದ. ಎದುರು ಮನೆಯ ದರ್ಜಿ, ದುಃಖಕ್ಕೆ ಹಾಲು ಒಳ್ಳೆಯದೆಂದು ಯಾರೋ ವೈದ್ಯರು ಹೇಳಿರಬೇಕೆಂದುಕೊಂಡು ತನ್ನ ಹೆಂಡತಿಗೂ ಕುಡಿಸತೊಡಗಿದ. ಆಕೆಗೆ ದುಃಖವೇನೂ ಇರಲಿಲ್ಲ; ಮೂರನೆಯ ದಿನದಿಂದ ಶುರುವಾಯಿತು. ಮಹಡಿಯ ಮೇಲಿನ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಮಾತ್ರ ನಾಲ್ಕೂ ಇಪ್ಪತ್ತರ ಹಾಲನ್ನು ದಿನವೂ ಮಾತಿಲ್ಲದೆ ಬಂದು ಕುಡಿದು, ಲೋಟ ತೊಳೆದಿಟ್ಟು ಹೋಗುತ್ತಿದ್ದರು.

"ಬಿಡೋ ಅವಳನ್ನ" ಎಂದು ಅತ್ತೆ ಭಾವನಿಗೆ ಹೇಳಿದ್ದು ಅಡುಗೆಮನೆಗೆ ಕೇಳಿಸಿತು. "ನೀನು ಒಂದೊಂದು ಸಲ ನಿಲ್ಲಿಸೋಕೆ ಹೋದಾಗ್ಲೂ ಅವಳಿಗೆ ಒಂದೊಂದು ಜಾಸ್ತಿ ಸಿಗ್ತಿದೆ. ಅದಕ್ಕೇ ಸುಮ್ಮನಿದಾಳೆ."

"ಅಂದ್ರೆ ನಾನು ಮಾಡ್ತಿರೋದು ತಪ್ಪಾ?"

"ಸರಿ ತಪ್ಪು ನಾನೇನು ಕಂಡೆ. ಹಾಲು ಮಾತ್ರ ನನ್ನ ಕೈಲಿ ಕುಡಿಯೋಕಾಗಲ್ಲ."

ಊರಿನ ಪಾಡು ಬೇರೆಯಿತ್ತು. ನನಗೆ ಆರು ಬಂದರೆ, ಪುಸ್ತಕ ಇಟ್ಟುಕೊಂಡವರಿಗೂ ಆರಾರು ಬರುತ್ತಿದ್ದವು, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತ: "ನೀವು ಪಡೆದ ಪುಸ್ತಕ ಹಿಂತಿರುಗಿಸುವ ದಿನ ದಾಟಿದೆ. ದಯವಿಟ್ಟು ತಂದುಕೊಡಿ." ದಿನಕ್ಕೊಮ್ಮೆ ದಯವಿಟ್ಟು ಎಂದರೆ ಅದು ವಿನಯ. ಆರು ಸಲ ಎಂದರೆ ಪೊಲೀಸು. ಗ್ರಂಥಾಲಯಕ್ಕೆ ಯಾರೋ ಭಯಂಕರ ಅಧಿಕಾರಿ ಬಂದಿದ್ದಾರೆಂದು ಸುದ್ದಿಯಾಯಿತು. ಸಾಕ್ಷಿಯೂ ಇತ್ತು: ದಿನಕ್ಕೊಮ್ಮೆ ಗಂಭೀರ ಮುಖದ ಒಬ್ಬ ದಪ್ಪ ಮನುಷ್ಯ ಯಾರೊಡನೆಯೂ ಮಾತಾಡದೆ ಮೂಲೆಕೋಣೆಗೆ ಹೋಗುತ್ತಾರೆ, ಅವರು ಹೊರಗೆ ಬಂದ ಮೇಲೆ ಒಂದು ಸಂದೇಶ ಹೆಚ್ಚಾಗುತ್ತದೆ. ಜನ ಭಾವನಿಗೆ ನಮಸ್ಕಾರ ಹಾಕತೊಡಗಿದರು. ಭಾವ ಅದನ್ನು ಸಂತಾಪವೆಂದು ತಿಳಿದು ಕಣ್ಣೊರೆಸಿಕೊಳ್ಳುತ್ತಿದ್ದರು.

ಪುಸ್ತಕಗಳು ಬರತೊಡಗಿದವು. ಹದಿನಾಲ್ಕು ವರ್ಷದಿಂದ ಕಾಣೆಯಾಗಿದ್ದ ಸಂಪುಟವೊಂದನ್ನು ಕ್ಷೌರದಂಗಡಿಯವನು ತಂದಿಟ್ಟ. ಹಲ್ಲಿನ ಡಾಕ್ಟರು ಗ್ರಂಥಾಲಯದ್ದು ಯಾವುದು ತನ್ನದು ಯಾವುದೆಂದು ತಿಳಿಯದೆ ಇಡೀ ಕಪಾಟನ್ನೇ ಆಟೋದಲ್ಲಿ ಕಳಿಸಿದರು. ಎಂದೂ ಗ್ರಂಥಾಲಯದ ಮುಖ ನೋಡದ ಒಬ್ಬ ಗುತ್ತಿಗೆದಾರ ಮಗನ ಗಣಿತದ ಪಠ್ಯಪುಸ್ತಕ ತಂದು, "ಇದನ್ನ ತಗೊಂಡು ಕೇಸ್ ಮುಗಿಸಿಬಿಡಿ" ಎಂದ. ಗ್ರಂಥಪಾಲಕಿಗೆ, ಎಂದರೆ ಎಲ್ಲರ ಮೇಡಂಗೆ, ಮೊದಲ ಮೂರು ದಿನ ಕಾಲು ನೆಲದ ಮೇಲಿರಲಿಲ್ಲ. ಮೇಲಿನ ಕಚೇರಿಯಿಂದ ಮೆಚ್ಚುಗೆಯ ಪತ್ರ ಬಂತು. ನಾಲ್ಕನೆಯ ದಿನ ಕಪಾಟು ತುಂಬಿ, ಐದನೆಯ ದಿನ ಮೆಟ್ಟಿಲು ತುಂಬಿತು. ಆರನೆಯ ದಿನ ಅವರು ನನಗೇ ಫೋನ್ ಮಾಡಿದರು.

"ನೋಡಿ, ನಿಮಗೆ ಈ ಹೊತ್ತಲ್ಲಿ ತೊಂದರೆ ಕೊಡಬಾರದು. ಆದರೆ ನಾಲ್ಕು ದಿನದಿಂದ ಒಬ್ಬರೂ ಒಂದು ಪುಸ್ತಕ ಕೇಳಿಲ್ಲ. ಹೆದರ್ತಾರೆ. ಗ್ರಂಥಾಲಯ ತುಂಬಿಹೋಗಿದೆ, ಓದೋರಿಲ್ಲ. ನಿಮ್ಮ ಭಾವನ್ನ ದಯವಿಟ್ಟು ಮನೇಲಿ ಇಟ್ಟುಕೊಳ್ಳಿ."

"ಹೇಳ್ತೀನಿ ಮೇಡಂ" ಎಂದೆ.

"ಅದನ್ನ ನಿಲ್ಲಿಸೋಕೆ ಯಾರಿಗಾದ್ರೂ ಬರುತ್ತಾ?"

"ಗೊತ್ತಿಲ್ಲ" ಎಂದೆ. ಮೂರೂ ಕಾಲಾಗಿತ್ತು. ಹಾಲಿಡಲು ಹೋದೆ.

ಅದೇ ದಿನ ನಾಲ್ಕೂ ಇಪ್ಪತ್ತಕ್ಕೆ ಮೇಷ್ಟ್ರು ಹಾಲು ಕುಡಿದು, ಲೋಟ ತೊಳೆಯದೆ ಕೂತರು. ಜೇಬಿನಿಂದ ಫೋನ್ ತೆಗೆದು ಮೇಜಿನ ಮೇಲೆ ಮಗುಚಿಟ್ಟರು.

"ಎಂಟು ತಿಂಗಳಿಂದ ನಂಗೊಂದು ಸಂದೇಶ ಬರುತ್ತಮ್ಮ. ನನಗಲ್ಲ, ನಮ್ಮನೆಯವಳಿಗೆ. ಅವಳು ಕಸೂತಿ ಪುಸ್ತಕ ತಂದಿದ್ಲು. ನನ್ನ ನಂಬರ್ ಕೊಟ್ಟಿದ್ಲು. ಆಮೇಲೆ ಅವಳು ಇಲ್ಲ, ನಿನಗೆ ಗೊತ್ತಲ್ಲ."

"ಪುಸ್ತಕ ಕಳೆದುಹೋಗಿದೆಯಾ ಮೇಷ್ಟ್ರೆ? ಮೇಡಂಗೆ ನಾನು ಹೇಳ್ತೀನಿ."

"ಇಲ್ಲಮ್ಮ. ದಿಂಬಿನ ಪಕ್ಕದಲ್ಲೇ ಇದೆ." ಅವರು ಫೋನನ್ನು ಸ್ವಲ್ಪ ದೂರ ಸರಿಸಿದರು. "ಕೊಟ್ಟುಬಿಟ್ರೆ ಸಂದೇಶ ನಿಂತು ಹೋಗುತ್ತಲ್ಲ. ದಿನಕ್ಕೊಂದು ಸಲ ಅವಳ ಹೆಸರು ಬರ್ತಿತ್ತು. ಇನ್ಯಾರೂ ಅವಳ ಹೆಸರು ಹಿಡಿದು ಕರೆಯಲ್ಲ ಈಗ. ಓದಿ, ಮುಚ್ಚಿಟ್ಟು, ವಾಕಿಂಗ್ ಹೋಗ್ತಿದ್ದೆ. ಈಗ ಆರು ಸಲ ಬರ್ತಿದೆ. ಒಂದು ಸಲ ಬಂದ್ರೆ ಕರೆದ ಹಾಗೆ. ಆರು ಸಲ ಬಂದ್ರೆ ಬೈದ ಹಾಗೆ. ನಿನ್ನೆ ಐದೂ ಐದಕ್ಕೆ ಬಂದಾಗ ನಂಗೆ ಅವಳ ಮೇಲೆ ಸಿಟ್ಟು ಬಂತು."

ಅಷ್ಟು ಹೇಳಿ ಅವರು ಎದ್ದು ಲೋಟ ತೊಳೆದರು. ಬಹಳ ಹೊತ್ತು ತೊಳೆದರು.

"ಮತ್ತೆ ಒಂದೇ ಸಲ ಬರೋ ಹಾಗೆ ಮಾಡೋಕಾಗುತ್ತಾ?" ಎಂದರು ಬಾಗಿಲ ಹತ್ತಿರ.

ಆಗುತ್ತದೆ ಎಂದು ನನಗೆ ಗೊತ್ತಿತ್ತು. ಮೆಷೀನ್ ಆರಿಸಿ ಹೊತ್ತಿಸಿದರೆ ಆರೂ ಸತ್ತು ಹೊಸದೊಂದು ಹುಟ್ಟುತ್ತದೆ. ಸಾಯುವ ಆರರಲ್ಲಿ ಐದು ಭಾವನವು. ಒಂದು ನನ್ನ ಗಂಡ ಶುರು ಮಾಡಿದ್ದು. ಅವನು ಶುರು ಮಾಡಿದ್ದರಲ್ಲಿ ಇನ್ನೂ ನಡೆಯುತ್ತಿದ್ದುದು ಅದೊಂದೇ.

"ನೋಡ್ತೀನಿ ಮೇಷ್ಟ್ರೆ" ಎಂದೆ.

ಮರುದಿನ ಗ್ರಂಥಾಲಯಕ್ಕೆ ಹೋದೆ. ಭಾವನೂ ಹಿಂದೆಯೇ ಬಂದರು. ಮೇಡಂ ಅವರನ್ನು ಬಾಗಿಲಲ್ಲೇ ತಡೆದು, ಏನನ್ನೂ ಮುಟ್ಟುವುದಿಲ್ಲವೆಂದು ಬಾಯಿಬಿಟ್ಟು ಹೇಳಿಸಿಕೊಂಡು ಒಳಗೆ ಬಿಟ್ಟರು. ಅವನ ಕುರ್ಚಿ ನನಗೆ ಎತ್ತರವಾಯಿತು. ತಗ್ಗಿಸಲಿಲ್ಲ.

ಸರ್ವರ್ ತನ್ನ ದಿನಚರಿಯನ್ನು ತಾನೇ ಬರೆದಿಡುತ್ತದೆ. ಭಾವ ಸ್ಟಾಪ್ ಒತ್ತಿದ ಪ್ರತಿ ಸಲವೂ ಅದು ಒಂದೇ ದೂರು ಬರೆದಿತ್ತು. ಐದು ದಿನ, ಐದು ಸಲ. ಇಂಗ್ಲಿಷಿನಲ್ಲಿದ್ದ ಅದರ ಸಾರ ಇಷ್ಟು: ಇವನು ಒಂದು ಕೆಲಸ ಶುರು ಮಾಡಿದ್ದಾನೆ, ಅದನ್ನು ನಿಲ್ಲಿಸದೆ ಹೋಗಿದ್ದಾನೆ. ನನ್ನ ಗಂಡನ ಬಗ್ಗೆ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಸರಿಯಾಗಿ ಬರೆದದ್ದನ್ನು ನಾನು ಬೇರೆಲ್ಲೂ ಓದಿಲ್ಲ. ನಮ್ಮ ಮನೆಯ ಅರ್ಧ ಬಣ್ಣ ಬಳಿದ ಗೋಡೆಗೂ ಇದು ಒಪ್ಪುತ್ತದೆ.

ಪ್ರೋಗ್ರಾಮ್ ತೆರೆದೆ. ಎರಡು ಭಾಗವಿತ್ತು. ಸರ್ವರ್ ಶುರುವಾಗುವಾಗ ಏನು ಮಾಡಬೇಕು ಎಂಬುದು ಮೊದಲನೆಯದು. ಅಲ್ಲಿ ಹದಿನೆಂಟು ಸಾಲು, ಅಚ್ಚುಕಟ್ಟಾಗಿ. ನಿಲ್ಲುವಾಗ ಏನು ಮಾಡಬೇಕು ಎಂಬುದು ಎರಡನೆಯದು. ಅಲ್ಲಿ ಅವನು ತನಗೇ ಬರೆದುಕೊಂಡ ಒಂದು ಟಿಪ್ಪಣಿ ಬಿಟ್ಟರೆ ಖಾಲಿ: "ಓದಿ ಬರೆಯಬೇಕು. ಭಾನುವಾರ."

ಯಾವ ಭಾನುವಾರ ಎಂದು ಬರೆದಿರಲಿಲ್ಲ.

"ಏನು ಓದಬೇಕಿತ್ತಂತೆ?" ಎಂದರು ಹಿಂದೆ ನಿಂತಿದ್ದ ಭಾವ.

ಮನೆಗೆ ಬಂದು ಬಾಗಿಲ ಹಿಂದಿನ ಮೊಳೆಯಿಂದ ಅವನ ಚೀಲ ಇಳಿಸಿದೆ. ಆಸ್ಪತ್ರೆಗೆ ಹೋದ ದಿನದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಊಟದ ಡಬ್ಬಿ, ಮಡಿಸಿದ ಛತ್ರಿ, ಆರಿಹೋಗಿದ್ದ ಅವನ ಫೋನ್, ಮತ್ತು ಇಟ್ಟಿಗೆಯಷ್ಟು ದಪ್ಪದ ಒಂದು ಜಾವಾ ಪುಸ್ತಕ. ಒಳಗೆ ಗ್ರಂಥಾಲಯದ ಮೊಹರಿತ್ತು. ಹಿಂತಿರುಗಿಸಬೇಕಾದ ದಿನ ದಾಟಿ ನಾಲ್ಕು ವರ್ಷವಾಗಿತ್ತು. ಊರಿಗೆಲ್ಲ ಪುಸ್ತಕ ತಂದುಕೊಡಿ ಎಂದು ದಿನವೂ ಹೇಳಿಸಿದವನು ತನ್ನದನ್ನು ಬೆನ್ನ ಮೇಲೆ ಹೊತ್ತು ದಿನವೂ ಅದೇ ಗ್ರಂಥಾಲಯಕ್ಕೆ ಹೋಗಿ ಬರುತ್ತಿದ್ದ.

ಕೆಲಸವನ್ನು ಶುರು ಮಾಡುವುದು ಹೇಗೆ ಎಂಬ ಅಧ್ಯಾಯದವರೆಗೆ ಪೆನ್ಸಿಲ್ ಗುರುತುಗಳಿದ್ದವು, ಒಂದು ಕಡೆ ಚಹಾದ ಕಲೆ. ನಿಲ್ಲಿಸುವುದು ಹೇಗೆ ಎಂಬುದು ಅದರ ಮುಂದಿನ ಅಧ್ಯಾಯ. ಅದರ ಹಾಳೆಗಳು ಅಂಗಡಿಯಿಂದ ಬಂದಂತೆ ಇದ್ದವು.

ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಸಸ್ಯಶಾಸ್ತ್ರ. ಶುರುವಾಗುವುದೂ ನಿಲ್ಲುವುದೂ ಗಿಡದ ಇಷ್ಟ ಎಂಬುದನ್ನು ಐದು ವರ್ಷ ಕಲಿತಿದ್ದೆ. ಈ ಅಧ್ಯಾಯಕ್ಕೆ ಅಡುಗೆಮನೆಯ ಮೇಜಿನಲ್ಲಿ ಮೂರು ದಿನ ಹಿಡಿಯಿತು. ನಡುನಡುವೆ ಎದ್ದು ಹಾಲಿಡುತ್ತಿದ್ದೆ. ಕೆಲಸವನ್ನು ಶುರು ಮಾಡುವಾಗಲೇ ಅದರ ಹಿಡಿಯನ್ನು ಎಲ್ಲಾದರೂ ಜೋಪಾನವಾಗಿ ಇಟ್ಟುಕೊಳ್ಳಬೇಕಂತೆ. ಇಲ್ಲವಾದರೆ ಆಮೇಲೆ ಏನನ್ನು ಹಿಡಿದು ನಿಲ್ಲಿಸುವುದು. ನಿಲ್ಲಿಸುವುದರಲ್ಲೂ ಎರಡು ಬಗೆ. ಕೈಲಿರುವುದನ್ನು ಮುಗಿಸಿ ನಿಲ್ಲು ಎಂದು ಹೇಳಿ ಕಾಯುವುದು ಒಂದು. ಇದ್ದದ್ದನ್ನು ಇದ್ದಲ್ಲೇ ಬಿಟ್ಟು ತಕ್ಷಣ ನಿಲ್ಲು ಎನ್ನುವುದು ಇನ್ನೊಂದು. ಎರಡನೆಯದು ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಮೊದಲನೆಯದನ್ನು ಆರಿಸಿಕೊಂಡೆ.

ನಾಲ್ಕನೆಯ ದಿನ ಏಳೂವರೆಗೆ ಪೇಪರ್ ತೆರೆಯದೆ ಒಲೆಯ ಮುಂದೆ ನಿಂತಿದ್ದೆ. ಸಂದೇಶ ಬಂತು. ಹಾಲು ನೋಡಿದೆ. ಅತ್ತೆ ಬಂದು ಪಕ್ಕದಲ್ಲಿ ನಿಂತರು. ಇಬ್ಬರೂ ಅದು ಉಕ್ಕುವವರೆಗೆ ನೋಡಿದೆವು, ಇಳಿಸಲಿಲ್ಲ.

"ಹೋಗಿ ಬಾ" ಎಂದರು ಅತ್ತೆ, ಒಲೆ ಒರೆಸುತ್ತ.

ಗ್ರಂಥಾಲಯದಲ್ಲಿ ಖಾಲಿ ಭಾಗವನ್ನು ತುಂಬಿದೆ. ಆರು ಸಾಲಾಯಿತು. "ಭಾನುವಾರ" ಎಂಬ ಟಿಪ್ಪಣಿಯನ್ನು ಅಳಿಸಲಿಲ್ಲ. ಸುಳಿವು ಹೋಗುವ ನಂಬರಿನ ಹತ್ತಿರ ಬಂದಾಗ ಮೇಡಂ, "ನಿಮ್ಮದೇ ಇರಲಿ ಬೇಕಾದ್ರೆ" ಎಂದರು.

"ಈಗ ಶುರು ಮಾಡಿದ್ರೆ ದಿನಾ ಹತ್ತೂ ಹತ್ತಕ್ಕೆ ಬರುತ್ತೆ ಮೇಡಂ. ಆ ಹೊತ್ತಲ್ಲಿ ನಮ್ಮನೇಲಿ ಯಾರೂ ಹಾಲಿಡಲ್ಲ."

ಅವರ ನಂಬರ್ ಹಾಕಿದೆ. ಹಾಲು ನೋಡು ಎಂಬ ಎರಡನೆಯ ವಾಕ್ಯ ಗ್ರಂಥಾಲಯಕ್ಕೆ ಸೇರಿದ್ದಲ್ಲ, ಅಳಿಸಿದೆ. ಅಲ್ಲಿಯೇ ಕೆಳಗೆ ಇನ್ನೊಂದು ಸಾಲು ಕಂಡಿತು. ಸಂದೇಶ ಕಳಿಸುವಾಗ ಒಂದು ನಂಬರನ್ನು ಬಿಟ್ಟು ಮುಂದೆ ಹೋಗು ಎಂದು ಬರೆದಿತ್ತು. ಆ ನಂಬರ್ ಅವನದು. ನೆನಪೇ ಇಲ್ಲ ಎಂದಿದ್ದ ನಂಬರ್, ಹತ್ತಂಕಿಯೂ ಸರಿಯಾಗಿ. ಆ ಸಾಲನ್ನೂ ಅಳಿಸಿದೆ.

ಆಮೇಲೆ ಉಳಿದದ್ದು ಮೆಷೀನ್ ಆರಿಸುವುದು. ಭಾವ ಗೋಡೆಯ ಸ್ವಿಚ್ಚಿನ ಹತ್ತಿರ ನಿಂತಿದ್ದರು.

"ನಾನು ಒತ್ತಲಾ?" ಎಂದರು. ಆಮೇಲೆ ಮೆಲ್ಲಗೆ, "ನನ್ನ ಕೈಲಿ ಇದೊಂದಾದ್ರೂ ಆಗುತ್ತೆ ಅಂದುಕೊಂಡಿದ್ದೆ ಕಣಮ್ಮ."

"ನೀವು ಐದು ಜಾಸ್ತಿ ಕೊಟ್ರಿ ಭಾವ" ಎಂದೆ. "ಇದನ್ನ ನಾನೇ ಒತ್ತುತ್ತೀನಿ."

ಒತ್ತಿದೆ. ಫ್ಯಾನಿನ ಸದ್ದು ನಿಧಾನವಾಗಿ ಇಳಿದು ನಿಂತಿತು. ಆ ಕೋಣೆಯಲ್ಲಿ ಅಂಥ ಒಂದು ಸದ್ದು ಇತ್ತೆಂದು ಆಗ ಗೊತ್ತಾಯಿತು. ಹೊರಗೆ ಯಾರೋ ಕೆಮ್ಮಿದರು. ಮತ್ತೆ ಹೊತ್ತಿಸಿದೆ.

ಮೇಡಂ ಫೋನ್ ಸದ್ದು ಮಾಡಿತು. "ಕೆಲಸ ಶುರುವಾಗಿದೆ" ಎಂದು ಓದಿ ಅವರು ನನ್ನತ್ತ ತಲೆಯಾಡಿಸಿದರು. ಮಹಡಿಯ ಮೇಷ್ಟ್ರ ಫೋನೂ ಸದ್ದು ಮಾಡಿರಬೇಕು, ಒಂದೇ ಒಂದು ಸಲ.

ಅಷ್ಟರಲ್ಲಿ ನಾನು ಜೊತೆಗೆ ತಂದಿದ್ದ ಅವನ ಚೀಲ ಗುಂಯ್ ಎಂದಿತು. ಹಿಂದಿನ ದಿನ ಅವನ ಫೋನನ್ನು ಚಾರ್ಜಿಗೆ ಹಾಕಿದ್ದೆ. ತೆಗೆದು ನೋಡಿದೆ. ಅವನ ಹೆಸರು ಹಿಡಿದು, ಅವನದೇ ಮಾತಿನಲ್ಲಿ ಬರೆದಿತ್ತು: "ನೀವು ಪಡೆದ ಪುಸ್ತಕ ಹಿಂತಿರುಗಿಸುವ ದಿನ ದಾಟಿದೆ. ದಯವಿಟ್ಟು ತಂದುಕೊಡಿ."

ಪುಸ್ತಕ ತೆಗೆದು ಮೇಡಂ ಕೈಗೆ ಕೊಟ್ಟೆ. ಅವರು ಹಿಂದಿನ ಹಾಳೆ ತಿರುವಿ ದಿನಾಂಕ ನೋಡಿದರು, ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು.

"ನಾಲ್ಕು ವರ್ಷ ತಡ" ಎಂದರು.

"ಅವರು ಎಲ್ಲದಕ್ಕೂ ತಡಾನೇ ಮೇಡಂ" ಎಂದೆ.

ಅದು ಪೂರ್ತಿ ನಿಜವಲ್ಲ; ಹೊರಟುಹೋಗಲು ಅವನು ತಡ ಮಾಡಿರಲಿಲ್ಲ. ಮೇಡಂ ಮೊಹರೆತ್ತಿ, ಬಾಯಿಂದ ಉಫ್ ಎಂದು ಊದಿ, ಅವನ ಹೆಸರಿನ ಮುಂದೆ ಒತ್ತಿದರು.